ಬಾಗಿಲು ಹಾಕಿ ಕೇಳಿದ ಪ್ರಶ್ನೆ

ಎಂ.ಎಸ್ಸಿ. ಮನಃಶಾಸ್ತ್ರದ ನನ್ನ ಪ್ರಬಂಧಕ್ಕೆ ಒಂದೇ ಸಂದರ್ಶನ ಬಾಕಿ ಇತ್ತು. ಅದು ಸಿಗದಿದ್ದರೆ ಆ ವರ್ಷದ ಪದವಿಯೂ ಇಲ್ಲ. ವಿಷಯ, ಮದುವೆಯಾಗಿ ಬಂದ ಮೊದಲ ವರ್ಷದ ಒಂಟಿತನ. ಮೂಡುಬಿದಿರೆಯ ನಮ್ಮ ಕಾಲೇಜಿನ ನಿಯಮದಂತೆ ಕೇಳುವವರು, ಹೇಳುವವರು ಇಬ್ಬರೇ ಇರಬೇಕು, ಬಾಗಿಲು ಹಾಕಿರಬೇಕು. ಚರ್ಚಾಸ್ಪರ್ಧೆಗಳಲ್ಲಿ ಎಲ್ಲದಕ್ಕೂ ಆಕ್ಷೇಪ ಎತ್ತುತ್ತಿದ್ದ ನನಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಆ ಸಂದರ್ಶನಕ್ಕೆ ಅಳದಂಗಡಿಗೆ ಹೋದಾಗ ಗೆಳತಿಯ ದೊಡ್ಡಮ್ಮ ಬೀಡಿ ಕಟ್ಟುತ್ತಾ ಕೂತಿದ್ದರು. ನಾನು ಬಾಗಿಲು ಮುಚ್ಚಿದೆ.

"ಹಗಲಲ್ಲಿ ಯಾಕೆ ಹಾಕ್ತಿ ಮಾರಾಯ್ತಿ? ಊರಿಡೀ ಬಂದು ಏನಾಯ್ತು ಅಂತ ಕೇಳ್ತದೆ."

ಮದುವೆಯಾಗಿ ಬಂದ ಹೊಸತರಲ್ಲಿ ಒಂಟಿ ಅನಿಸುತ್ತಿತ್ತೇ ಎಂದು ಕೇಳಿದೆ.

"ಇಲ್ಲಪ್ಪ. ಎಲ್ಲರೂ ಒಳ್ಳೆಯವರು."

ಎಷ್ಟು ಕೆದಕಿದರೂ ಅಷ್ಟೇ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯಲ್ಲಿರುವ ಅವರ ಓರಗಿತ್ತಿ ತಮ್ಮ ಬೀಡಿಯ ಮೊರದ ಸಮೇತ ಒಳಬಂದರು. "ಏನು, ಜ್ವರವಾ?"

"ಜ್ವರ ಅಲ್ಲ. ಮದುವೆಯಾಗಿ ಬಂದಾಗ ಬೇಜಾರಿತ್ತಾ ಅಂತ ಕೇಳ್ತಾಳೆ. ಇಲ್ಲ ಅಂದೆ."

"ಇಲ್ಲವಾ? ಬಾವಿಕಟ್ಟೆಯಲ್ಲಿ ಕೂತು ಅಳ್ತಿದ್ದದ್ದು ಮತ್ತೆ ಯಾರು, ನನ್ನ ಅಜ್ಜಿಯಾ?"

ದೊಡ್ಡಮ್ಮ ನಕ್ಕುಬಿಟ್ಟರು. ಆಮೇಲೆ ಬೀಡಿ ಎಲೆಯ ಕತ್ತರಿಯೂ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ತಿದ್ದಿದರು, ತಿದ್ದಿದ್ದಕ್ಕೆ ಜಗಳವಾಡಿದರು. ಬಂಟ್ವಾಳದ ನಮ್ಮ ಮನೆಗೆ ಮರಳುವ ಬಸ್ಸಿನಲ್ಲಿ ನಾನು ಗೆದ್ದವಳಂತೆ ಕೂತಿದ್ದೆ.

ಮಾರನೆಯ ದಿನ ಮಾರ್ಗದರ್ಶಕಿ ಮೇಡಂ ಧ್ವನಿಮುದ್ರಿಕೆ ಕೇಳಿ ಹೇಳಿದರು: "ಓರಗಿತ್ತಿಯ ಮಾತು ತೆಗೆಯಬೇಕಲ್ಲ."

"ತೆಗೆದರೆ 'ಎಲ್ಲರೂ ಒಳ್ಳೆಯವರು' ಮಾತ್ರ ಉಳೀತದೆ ಮೇಡಂ. ಅದು ನಮ್ಮ ನಿಯಮ ಹೇಳಿಸಿದ್ದು."

"ಓರಗಿತ್ತಿ ಏನೂ ಹೇಳಿಸಲಿಲ್ಲವಾ? ಅವರ ಎದುರಲ್ಲಿ ಅವರ ಮೇಲೆಯೇ ದೂರು ಯಾರು ಹೇಳ್ತಾರೆ?"

ಮೇಡಂ ಸೋಲಿಸಿ ಸುಮ್ಮನಾಗುವವರಲ್ಲ. ಪಕ್ಕದ ಕೊಠಡಿಯಿಂದ ಇಬ್ಬರು ಸಹೋದ್ಯೋಗಿಗಳನ್ನು ಕರೆದರು. ಮೂವರೂ ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತಾ, ಬಾಗಿಲು ತೆರೆದಿಟ್ಟುಕೊಂಡೇ ತೀರ್ಮಾನಿಸಿದರು. ಬಾಗಿಲು ಮುಚ್ಚಿದಾಗಿನದ್ದು, ತೆರೆದಾಗಿನದ್ದು ಎರಡೂ ಪ್ರಬಂಧದಲ್ಲಿರಲಿ. ಯಾವ ಮಾತಿಗೆ ಯಾರು ಎದುರಿಗಿದ್ದರು ಎಂದೂ ಬರೆಯಬೇಕು. ಆದರೆ ಓರಗಿತ್ತಿಯ ಒಪ್ಪಿಗೆ ಬೇಕೇ ಬೇಕು. ಆ ಮೂವರ ಮೇಲೆ ನನಗೆ ಅಂದು ಹುಟ್ಟಿದ ಪ್ರೀತಿ ಇನ್ನೂ ಇಳಿದಿಲ್ಲ.

ಮತ್ತೆ ಅಳದಂಗಡಿಗೆ ಹೋದೆ. ಓರಗಿತ್ತಿ ತಮ್ಮ ಅಂಗಳದಲ್ಲೇ ಸಿಕ್ಕಿದರು. ವಿಷಯ ಹೇಳಿದೆ.

"ಹಾಕು, ನನಗೇನು," ಎಂದರು. ಆಮೇಲೆ ದೊಡ್ಡಮ್ಮನ ಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೆ ನನ್ನದೂ ಸ್ವಲ್ಪ ಉಂಟು. ಅವಳು ಡೈರಿಗೆ ಹಾಲು ಕೊಡ್ಲಿಕ್ಕೆ ಹೋಗ್ಲಿ. ಆಮೇಲೆ ಬಾಗಿಲು ಹಾಕುವ."

"ಊರಿಡೀ ಬಂದು ಕೇಳಿದ್ರೆ?"

"ಜ್ವರ ಅಂತ ಹೇಳುವ."