ಜಾಕಪ್ಪಜ್ಜನ ಎಡೆ

ಕೊಪ್ಪಳದ ಬಸ್ ನಿಲ್ದಾಣದಲ್ಲಿ ಅವತ್ತು ಬೆಳಿಗ್ಗೆ ನಾವು ಮೂವರಿದ್ದೆವು. ಆಸ್ಟ್ರೇಲಿಯಾದಿಂದ ಬಂದಿದ್ದ, ಎಪ್ಪತ್ತರ ಆಸುಪಾಸಿನ ಮಾರ್ಗರೆಟ್. ಅವರನ್ನು ಕರೆದೊಯ್ಯಲು ಬಂದ ಹನುಮಸಾಗರದ ಬಸವರಾಜ. ಇವರಿಬ್ಬರ ನಡುವೆ ಮಾತು ದಾಟಿಸಲು ನಿವೃತ್ತ ಇಂಗ್ಲಿಷ್ ಮಾಸ್ತರನಾದ ನಾನು.

ಮಾರ್ಗರೆಟ್ ಅವರ ತಂದೆ ಜ್ಯಾಕ್ ಎರಡನೇ ಮಹಾಯುದ್ಧದಲ್ಲಿ ಮಲಾಯಾದಲ್ಲಿ ಕಾದಾಡಿದವರು. ಗುಂಡು ಹಾರುತ್ತಿದ್ದಾಗ ಗಾಯಾಳುಗಳನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿ ಶೌರ್ಯ ಪದಕ ಪಡೆದವರು. ಹಾಗೆ ದಾಟಿದವರಲ್ಲಿ ನಿಜಾಮರ ಪಲ್ಟನ್ನಿನ ಹನುಮಪ್ಪ ಒಬ್ಬ. ನಮ್ಮ ಬಸವರಾಜನ ಅಜ್ಜ. ಅವನನ್ನು ಈಚೆ ದಡದಲ್ಲಿ ಇಳಿಸಿ ಜ್ಯಾಕ್ ಉಳಿದವರಿಗಾಗಿ ತಿರುಗಿ ಹೋದರು. ಆಮೇಲೆ ಜ್ಯಾಕ್ ಅವರ ಮುಖವನ್ನು ಹನುಮಪ್ಪ ಕಾಣಲಿಲ್ಲ. ಸತ್ತೇ ಹೋದರು ಅಂದುಕೊಂಡು ಊರಿಗೆ ಮರಳಿದ. ಮಹಾಲಯ ಅಮಾವಾಸ್ಯೆಗೆ ಮನೆಯ ಸತ್ತ ಹಿರಿಯರಿಗೆ ಊಟದ ಎಡೆ ಇಡುವಾಗ ಜ್ಯಾಕ್ ಹೆಸರಿಗೂ ಒಂದು ಎಡೆ ಇಡಿಸಿದ. ಮನೆಯವರ ಬಾಯಲ್ಲಿ ಅವರು ಜಾಕಪ್ಪಜ್ಜ ಆದರು. ಹನುಮಪ್ಪನ ನಂತರ ಸೊಸೆ ಗಂಗವ್ವ ಆ ಎಡೆಯನ್ನು ಒಂದು ವರ್ಷವೂ ತಪ್ಪಿಸಿಲ್ಲ. ಅವಳೇ ಬಸವರಾಜನ ತಾಯಿ.

ಕುಷ್ಟಗಿ ಬಸ್ಸು ಹತ್ತಿದೆವು. "ಹೆಣ್ಮಕ್ಕಳಿಗೆ ಫ್ರೀ ಐತ್ರಿ ಅಮ್ಮಾರ, ಆಧಾರ್ ತೋರಸ್ರಿ," ಎಂದ ಕಂಡಕ್ಟರ್. ಮಾರ್ಗರೆಟ್ ಪಾಸ್‌ಪೋರ್ಟ್ ಕೊಟ್ಟರು. ಅವನು ತಿರುವಿ ಹಾಕಿ ನೋಡಿ, "ಫೋಟೋ ಭಾಳ ಛಲೋ ಬಂದೈತ್ರಿ. ಆದ್ರ ಟಿಕೀಟು ತಗೋಬೇಕಾಗ್ತೈತಿ," ಅಂದ.

ಊರು ದಾಟುತ್ತಲೇ ಬಸವರಾಜ ನನ್ನ ಕಿವಿಗೆ ಬಾಗಿದ. "ಮಾಸ್ತರ, ಇವರಪ್ಪಾರು ಯುದ್ಧದಾಗ ಸತ್ತಿಲ್ರಿ. ಮುದುಕರಾಗಿ, ಈಗ ಹತ್ತು ಹನ್ನೆರಡು ವರ್ಷದ ಹಿಂದ ತೀರ್ಯಾರ. ಇಂಟರ್ನೆಟ್ಟಿನ್ಯಾಗ ಇವರನ್ನ ಹುಡುಕಿದಾಗ ನನಗ ಗೊತ್ತಾತು. ಅವ್ವಗ ಹೇಳಿಲ್ಲ. ಜೀವ ಇದ್ದವರಿಗೆ ಸತ್ತವರ ಎಡಿ ಇಟ್ಟೆ ಅಂತ ತಿಳೀತಂದ್ರ ಎದಿ ಒಡಕೋತಾಳ. ನೀವು ಆ ಮಾತು ನುಂಗಿಬಿಡ್ರಿ."

"ಮಾಸ್ತರಕಿ ಮಾಡಿದಾವಗ ಮಾತು ನುಂಗೂದು ಎಲ್ಲಿ ಬರತೈತೋ," ಎಂದೆ. ಆದರೂ ಒಪ್ಪಿಕೊಂಡೆ.

ಕುಷ್ಟಗಿಯಲ್ಲಿ ಇಳಿದು ಚಹಾ ಕುಡಿದೆವು. ಮಾರ್ಗರೆಟ್ ಮಿರ್ಚಿ ಭಜಿಯ ತುದಿ ಕಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಬೇಕೆಂದರು. ಅಲ್ಲಿಂದ ಹನುಮಸಾಗರಕ್ಕೆ ಮುಕ್ಕಾಲು ತಾಸು. ಚಳಿಗಾಲದ ತಿಳಿಬಿಸಿಲು, ಎರಡೂ ಬದಿ ಎರೆಹೊಲದಲ್ಲಿ ಬಿಳಿಜೋಳ ತೆನೆ ಹಿರಿದಿತ್ತು.

ಗಂಗವ್ವ ಕಾಲಿಗೆ ನೀರು ಕೊಟ್ಟು ಒಳಗೆ ಕರೆದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಉಂಡು ಕುಳಿತಾಗ ಮಾರ್ಗರೆಟ್ ಚೀಲದಿಂದ ಒಂದು ಫೋಟೋ ತೆಗೆದು ಗಂಗವ್ವನ ಕೈಗಿಟ್ಟೇಬಿಟ್ಟರು. ನಾವಿಬ್ಬರೂ ತಡೆಯುವಷ್ಟು ಹೊತ್ತೂ ಸಿಗಲಿಲ್ಲ. ಗಂಗವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಎದೆಯ ಮೇಲೆ ಪದಕ ಹಾಕಿಕೊಂಡ ಹಣ್ಣುಹಣ್ಣು ಮುದುಕ, ಪಕ್ಕದಲ್ಲಿ ಮಾರ್ಗರೆಟ್.

"ಇವರು ಜಾಕಪ್ಪಜ್ಜಾರ?" ಎಂದಳು. ಫೋಟೋ ಕಣ್ಣ ಹತ್ತಿರ ತಂದಳು. "ಮುದುಕರಾಗ್ಯಾರಲ್ಲೋ ಬಸ್ಯಾ. ಇದ್ದವರಿಗೆ ಎಡಿ ಇಟ್ಟೆನೇನು ಇಷ್ಟು ದಿನ?"

"ಶುರು ಮಾಡಿದಾವ ಅಜ್ಜ, ಯವ್ವಾ. ನಿಂದೇನ್ ತಪ್ಪೈತಿ?"

"ಇಟ್ಟ ಕೈ ನಂದಲ್ಲೇನು?"

ಏನಾಯಿತೆಂದು ಮಾರ್ಗರೆಟ್ ನನ್ನನ್ನೇ ನೋಡುತ್ತಿದ್ದರು. ಬಸವರಾಜನಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎಡೆಯಲ್ಲಿ ಏನೇನಿರುತ್ತಿತ್ತು ಎಂದು ಕೇಳಿದರು. ಹೋಳಿಗೆ, ಅನ್ನ, ಕಟ್ಟಿನ ಸಾರು, ಬದನೆಕಾಯಿ, ಸಿಪಾಯಿಗೆ ಬೇಕಾದೀತೆಂದು ಒಂದು ಬೀಡಿ.

"ಬೀಡಿಯ ಸಂಗತಿ ನಮ್ಮಮ್ಮನಿಗೆ ಗೊತ್ತಾಗದಿರಲಿ. ಸೇದುವುದು ಬಿಟ್ಟರೆ ಮಾತ್ರ ಮದುವೆ ಅಂತ ಅಪ್ಪನಿಗೆ ಹೇಳಿದ್ದರು," ಎಂದರು ಮಾರ್ಗರೆಟ್. ನಾನು ಕನ್ನಡದಲ್ಲಿ ಹೇಳಿದೆ. ಗಂಗವ್ವನಿಗೆ ನಗು ಬಂತು. ಆದರೂ ಮನಸ್ಸು ತಿಳಿಯಾಗಲಿಲ್ಲ.

"ನಮ್ಮ ಎಡೀಲಿಂದ ಅವರಿಗೆ ಏನರ ತ್ರಾಸ ಆತೇನು, ಖರೇ ಹೇಳಂತ ಕೇಳ್ರಿ ಮಾಸ್ತರ."

"ಅಪ್ಪ ಎಂಬತ್ತು ದಾಟಿದ ಮೇಲೂ ತೋಟದಲ್ಲಿ ಗುದ್ದಲಿ ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಮಲಗಿದವರು ಏಳಲಿಲ್ಲ. ಅಷ್ಟೇ."

ಗಂಗವ್ವ ಎದ್ದು ಒಳಗೆ ಹೋದಳು. ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಇಳಕಲ್ಲ ಖಣ ತಂದಳು. "ನಮ್ಮ ಹಿರೇರ ಮಗಳು ಮನಿಗಿ ಬಂದಾಳ. ಬರೇ ಉಡೀಲೆ ಹೆಂಗ ಕಳಸೂದು?" ಉಡಿ ಒಡ್ಡಲು ಮಾರ್ಗರೆಟ್ ಅವರ ಪ್ಯಾಂಟಿಗೆ ಸೆರಗೆಲ್ಲಿಂದ ಬರಬೇಕು? ಗಂಗವ್ವ ತನ್ನ ಹಳೆಯ ಶಾಲನ್ನೇ ಅವರ ಸೊಂಟಕ್ಕೆ ಕಟ್ಟಿ ಉಡಿ ತುಂಬಿದಳು. ಮುಂದೆ ಎಡೆ ಇಡುತ್ತಾಳೋ ಇಲ್ಲವೋ, ಕೇಳುವ ಧೈರ್ಯ ನಮಗಾರಿಗೂ ಬರಲಿಲ್ಲ. ಸಂಜೆ ಬಸ್ಸಿಗೆ ಕೊಪ್ಪಳಕ್ಕೆ ಮರಳಿದೆವು.

ಮುಂದಿನ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಬಸವರಾಜ ಫೋನು ಮಾಡಿದ್ದ. ಹಬ್ಬಕ್ಕೆ ಮುಂಚೆ ಗಂಗವ್ವ ಅವನ ಕೈಯಲ್ಲಿ ಮಾರ್ಗರೆಟ್ ಅವರಿಗೆ ಮೆಸೇಜು ಹಾಕಿಸಿ, ಅವರಪ್ಪನಿಗೆ ಖರೇ ಏನು ಸೇರುತ್ತಿತ್ತು ಎಂದು ಕೇಳಿಸಿದಳಂತೆ. ಆ ಸಲ ಜಾಕಪ್ಪಜ್ಜನ ಎಡೆಯಲ್ಲಿ ಕುದಿಸಿದ ಆಲೂಗಡ್ಡೆ, ಮೇಲೊಂದು ಉಂಡೆ ಬೆಣ್ಣೆ. ಪೂಜೆ ಮುಗಿದ ಮೇಲೆ ಅದನ್ನು ಗಂಗವ್ವನೇ ಉಂಡು, ಸ್ವಲ್ಪ ಸಪ್ಪಗೈತಿ ಅಂದಳಂತೆ.