ವೆರ್ನಾಳ ತೊಡೆಯೊಳಗಿನ ಕಂಬಿ

ಸಿಡ್ನಿಯಿಂದ ಬಹುದೂರದ, ಕುರಿ ಸಾಕಿ ಬದುಕುವ ನಮ್ಮ ಊರಿನಲ್ಲಿ ನೋವು ಅಂದವರಿಗೆ ಮರ್ಯಾದೆ ಇಲ್ಲ. ಟಗರು ಗುದ್ದಿ ಪಕ್ಕೆಲುಬು ಮುರಿದುಕೊಂಡವನು ಸಂಜೆ ಪಬ್ಬಿಗೆ ಬಂದು ‘ಪರವಾಗಿಲ್ಲ’ ಅನ್ನಬೇಕು, ಮಿಕ್ಕವರು ಅವನಿಗೊಂದು ಬಿಯರ್ ಕೊಡಿಸಬೇಕು. ಇದಕ್ಕೆ ಇವರು ಗಟ್ಟಿತನ ಅಂತ ಹೆಸರಿಟ್ಟಿದ್ದಾರೆ. ಮೂವತ್ತು ವರ್ಷದಿಂದ ಇಲ್ಲಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ದುಡಿಯುತ್ತಿರುವ ನನಗೆ ಅದನ್ನು ಕಂಡರೆ ವಾಕರಿಕೆ ಬರುತ್ತದೆ.

ಈ ಗಟ್ಟಿತನದ ಮಹಾರಾಣಿ ಪಕ್ಕದ ಮನೆಯ ವೆರ್ನಾ ಟ್ರೆಲೋರ್. ಹುಡುಗಿಯಾಗಿದ್ದಾಗಲೇ ಕುರಿ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಅಡುಗೆಗೆ ನಿಂತವಳು. ಡಾರ್ಲಿಂಗ್ ನದಿಯ ಎರಡೂ ದಂಡೆಗಳಲ್ಲಿ ಅವಳ ಕೈಯ ರೋಸ್ಟ್ ತಿನ್ನದ ಕತ್ತರಿಯಾಳು ಸಿಗುವುದಿಲ್ಲ. ಗಂಡನನ್ನು ಮಣ್ಣು ಮಾಡಿದ ಮರುದಿನವೇ ಶೆಡ್ಡಿಗೆ ಸ್ಕೋನ್ ಎಂಬ ಬನ್ನು ಬೇಯಿಸಿ ಕಳಿಸಿದಳು. ಊರಿಗೆ ಊರೇ ಹೊಗಳಿತು. ನನಗೆ ಮಾತ್ರ ಆ ಸ್ಕೋನ್ ಗಂಟಲಲ್ಲಿ ಇಳಿಯಲಿಲ್ಲ.

ಅವಳ ಸೊಂಟದ ಕೀಲನ್ನು ಹಿಂದೊಮ್ಮೆ ಬದಲಾಯಿಸಿದ್ದರು. ಒಂದು ಬಟ್ಟಲು, ಅದರಲ್ಲಿ ತಿರುಗುವ ಗುಂಡು, ಗುಂಡನ್ನು ಹೊರಲು ತೊಡೆಮೂಳೆಯ ಪೊಳ್ಳಿನೊಳಗೆ ಸಿಮೆಂಟ್ ಹಾಕಿ ನಿಲ್ಲಿಸಿದ ಲೋಹದ ಕಂಬಿ. ಈಗ ಬಟ್ಟಲು ಸವೆದಿತ್ತು, ಅದನ್ನು ಬದಲಿಸುವುದು ಖಚಿತವಾಗಿತ್ತು. ತಕರಾರು ಇದ್ದದ್ದು ಕಂಬಿಯದು. ಅದು ಬಿಗಿಯಾಗಿದ್ದರೆ ಮುಟ್ಟದೆ ಬಿಡಬಹುದು. ಸಡಿಲವಾಗಿದ್ದರೆ ಕಿತ್ತು, ಮೇಲಿನ ಹಾಳಾದ ಮೂಳೆಯನ್ನು ದಾಟಿ ಕೆಳಗಿನ ಗಟ್ಟಿ ಮೂಳೆಯನ್ನು ಕಚ್ಚಿಕೊಳ್ಳುವ ಉದ್ದನೆಯ ಕಂಬಿ ಹಾಕಬೇಕು. ಅಂಥವು ನಮ್ಮಲ್ಲಿ ಇರುವುದಿಲ್ಲ, ಮೊದಲೇ ಹೇಳಿ ಸಿಡ್ನಿಯಿಂದ ತರಿಸಬೇಕು.

ತಿಂಗಳಿಗೊಮ್ಮೆ ಸಿಡ್ನಿಯಿಂದ ವಿಮಾನದಲ್ಲಿ ಬರುವ ಡಾಕ್ಟರ್ ಹಾರ್ವುಡ್ ಎಕ್ಸ್‌ರೇ ನೋಡಿದರು. ಕಂಬಿ ಸಡಿಲವೋ ಬಿಗಿಯೋ ಅದರಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ. ಕುರ್ಚಿಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ತೊಡೆ ನೋಯುತ್ತದೆಯೇ ಎಂದು ವೆರ್ನಾಳನ್ನೇ ಕೇಳಿದರು. ಕಂಬಿ ಸಡಿಲವಾದವರಿಗೆ ಜೀವ ಹೋಗುವಷ್ಟು ನೋಯುವುದು ಆಗಲೇ.

“ಪರವಾಗಿಲ್ಲ ಡಾಕ್ಟ್ರೇ. ಕಾಲು ಸ್ವಲ್ಪ ಹಿಡ್ಕೊಳ್ಳತ್ತೆ ಅಷ್ಟೇ,” ಅಂದಳು ಮಹಾರಾಣಿ.

ಸಂಜೆ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಚಹಾಕ್ಕೆ ನೀರಿಡಲು ಎದ್ದವಳು ಎರಡೂ ಕೈಗಳಿಂದ ಮೇಜು ಹಿಡಿದು ಹಾಗೇ ನಿಂತುಬಿಟ್ಟಳು. ತುಟಿ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರು.

“ಇದೇನೇ ಇದು?”

“ಏನಿಲ್ಲ ಕಣೇ ಮಾರ್ಲೀನ್. ಕಾಲಿಗೂ ಎಚ್ಚರ ಆಗ್ಬೇಕಲ್ಲ.”

“ಕಂಬಿ ಅಲ್ಲಾಡ್ತಿದೆ ವೆರ್ನಾ! ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?”

“ಅಷ್ಟು ದೂರದಿಂದ ಬಂದ ಮನುಷ್ಯನ ಮುಂದೆ ಗೋಳಾಡ್ಲಾ? ನಾಚಿಕೆ ಬೇಡ್ವಾ? ಉದ್ದದ್ದು ಹಾಕಿದ್ರೆ ಮೂರು ತಿಂಗಳು ಊರುಗೋಲಂತೆ. ಮಾರ್ಚಿನಲ್ಲಿ ಉಣ್ಣೆ ಕತ್ತರಿಸೋ ಶೆಡ್ಡಿಗೆ ನೀನು ಅಡುಗೆ ಮಾಡ್ತೀಯಾ? ನಿನ್ನ ಸ್ಟ್ಯೂ ತಿಂದ್ರೆ ಆಳುಗಳಲ್ಲ, ಕುರಿಗಳೇ ಮುಷ್ಕರ ಹೂಡ್ತವೆ.” ನಕ್ಕಳು. ಆಮೇಲೆ ಮುಖ ತಿರುಗಿಸಿ ಹೇಳಿದಳು, “ಶೆಡ್ಡು ಬಿಟ್ರೆ ನಾನು ಏನೇ? ಯಾರಿಗೆ ಬೇಕು ನಾನು?”

ಮರುದಿನವೇ ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಅವಳಿಗೆ ಫೋನ್ ಮಾಡಿದರು. ಮತ್ತೆ ನನಗೆ ಮಾಡಿದರು.

“ಸಿಸ್ಟರ್, ನೋವೇ ಇಲ್ಲ ಅಂತಾರಲ್ಲ ಅವರು! ಮಾರ್ಲೀನ್ ಇರುವೆನ ಆನೆ ಮಾಡ್ತಾಳೆ ಅಂದ್ರು. ಪೇಷಂಟೇ ನೋವಿಲ್ಲ ಅಂದ್ಮೇಲೆ ನಾನು ಏನು ಮಾಡ್ಲಿ?”

ಏನು ಮಾಡಬೇಕು? ಇರಲಿ ಅಂತ ಉದ್ದನೆಯ ಕಂಬಿಗಳ ಒಂದು ಸೆಟ್ ತರಿಸಿಟ್ಟುಕೊಳ್ಳಬೇಕು. ತರಿಸಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಸುಲಭದ ಉತ್ತರ ಸಿಕ್ಕಿತ್ತು, ಅದು ಅವರಿಗೆ ಸಾಕಾಯಿತು. ಇವಳು ಸುಳ್ಳು ಹೇಳಿದಳು, ಅವರು ಸಂತೋಷದಿಂದ ನಂಬಿದರು. ಇಬ್ಬರ ಬಗ್ಗೆಯೂ ನನಗೆ ಹೇಸಿಗೆ ಎನಿಸಿತು.

ಆಪರೇಷನ್ ದಿನ ಗುಂಡು ತೆಗೆದ ಮೇಲೆ ಡಾಕ್ಟರು ಕಂಬಿಯನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಸಿಮೆಂಟಿನ ಸಮೇತ ಅದು ಕೈಗೇ ಬಂತು. ಒಳಗಿನ ಮೂಳೆ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಾಗಿತ್ತು.

“ಉದ್ದದ್ದು ಕೊಡಿ,” ಅಂದರು, ಅಭ್ಯಾಸಬಲದಿಂದ.

“ಇಲ್ಲ,” ಅಂದೆ. “ತರಿಸಿಲ್ಲ.”

ಮಾಸ್ಕಿನ ಮೇಲಿನ ಆ ಕಣ್ಣುಗಳು ನನ್ನನ್ನು ನೋಡಲಿಲ್ಲ. ನಮ್ಮಲ್ಲಿದ್ದ ಗಿಡ್ಡ ಕಂಬಿಯನ್ನೇ ಆ ಚಿಪ್ಪಿನೊಳಗೆ ಸಿಮೆಂಟ್ ಹಾಕಿ ನಿಲ್ಲಿಸಿದರು. ಅದು ಬಾಳುವಂಥದ್ದಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹಾಸಿಗೆಯ ಬಳಿ ನಿಂತು ಡಾಕ್ಟರು ಎಲ್ಲವನ್ನೂ ಹೇಳಿದರು. ಇದು ತಾತ್ಕಾಲಿಕ, ಮತ್ತೆ ಕೊಯ್ದು ಉದ್ದನೆಯದನ್ನು ಹಾಕಬೇಕು, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಬಿಡುವಂತಿಲ್ಲ, ಶೆಡ್ಡಿನ ಅಡುಗೆಯ ಮಾತೇ ಇಲ್ಲ. ಈ ಮಾರ್ಚಿಗೂ ಇಲ್ಲ, ಬಹುಶಃ ಯಾವ ಮಾರ್ಚಿಗೂ ಇಲ್ಲ. ವೆರ್ನಾ ಸೂರು ನೋಡುತ್ತ ಕೇಳಿಸಿಕೊಂಡಳು.

ಹೊರಡುವ ಮುನ್ನ ಅವರು ಎಲ್ಲರನ್ನೂ ಕೇಳುವಂತೆ ಕೇಳಿದರು, “ನೋವು ಹೇಗಿದೆ?”

ಅವಳು ಸೂರಿನಿಂದ ಕಣ್ಣು ಕಿತ್ತು ಅವರನ್ನು ನೋಡಿದಳು. “ನೋಯತ್ತೆ ಡಾಕ್ಟ್ರೇ,” ಅಂದಳು. “ತುಂಬಾ ನೋಯತ್ತೆ.” ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಮೊದಲ ದಿನ ಹಾಗೇ ಇರತ್ತೆ. ನೀವು ಗಟ್ಟಿಗಿತ್ತಿ, ಪರವಾಗಿಲ್ಲ,” ಅಂತ ಅವಳ ಭುಜ ತಟ್ಟಿ ವಿಮಾನ ಹಿಡಿಯಲು ಓಡಿದರು.

ವೆರ್ನಾ ನನ್ನತ್ತ ತಿರುಗಿದಳು.

“ನೋವು ಅಂತ ಬಾಯ್ಬಿಟ್ಟು ಹೇಳ್ದೆನಲ್ಲ ಮಾರ್ಲೀನ್. ಈಗ ಸಮಾಧಾನ ಆಯ್ತೇನೇ?”