ಸುತ್ತುದಾರಿ

ಸಿಡ್ನಿಯಲ್ಲಿ ತಂಗಿಯ ಮನೆ ಪಕ್ಕದ ಹಳೆಯ ಸ್ಮಶಾನದಲ್ಲಿ ಕೂತಿದ್ದೆ. ಹುಲ್ಲು ಕತ್ತರಿಸುತ್ತಿದ್ದ ಐರಿಶ್ ಮುದುಕ ತನ್ನ ಮೂವತ್ತು ಮನೆಯ ಹಳ್ಳಿಯ ಮಾತು ತೆಗೆದ.

"ಅರ್ಧ ಊರು ಹಡಗು ಹತ್ತಿತು, ಹೆಣ ಹೊರೋರು ಕಡಿಮೆ. ಆದ್ರೂ ಹತ್ತಿರದ ದಾರೀಲಿ ಒಯ್ಯಲ್ಲ. ಸತ್ತವನ ಹೊಲ, ಬಾವಿ ಎಲ್ಲಾ ಸುತ್ತಿಸ್ತೀವಿ. ಹೆಂಡದಂಗಡಿ ಮುಂದೆ ನಿಲ್ಲಿಸದಿದ್ರೆ ಎದ್ದು ಕೂತಾನು!"

"ಯಾಕೆ ಸುತ್ತು?"

"ಅವನಿಗೇನು ಅವಸರ, ಮೇಡಂ?"

ಹೋದ ವರ್ಷ ಮೈಸೂರಿನಲ್ಲಿ ನನ್ನ ಗಂಡನನ್ನು ಆಸ್ಪತ್ರೆಯಿಂದ ನೇರವಾಗಿ ಸುಡುಗಾಡಿಗೆ ಒಯ್ದರು. ಹೊತ್ತು ಮುಳುಗುವುದರೊಳಗೆ ಮುಗಿಯಲಿ ಎಂದು ಅವಸರಪಡಿಸಿದವಳು ನಾನೇ. ಅದನ್ನು ಮುದುಕನಿಗೆ ಹೇಳಿದೆ.

"ಅವರು ದಿನಾ ಓಡಾಡ್ತಿದ್ದ ದಾರಿ ಯಾವುದು?" ಎಂದ, ಪಕ್ಕದಲ್ಲಿ ಕೂರುತ್ತ.

ಮನೆಯ ಗೇಟಿನಿಂದ ಶುರುಮಾಡಿದೆ. ಹಾಲಿನ ಬೂತು, ಪೇಪರಿನ ಅಂಗಡಿ, ಕುಕ್ಕರಹಳ್ಳಿ ಕೆರೆಯ ಏರಿ. ಒಂದೊಂದೇ ತಿರುವು ಹೇಳುತ್ತ ಸುಡುಗಾಡಿನ ರಸ್ತೆಗೆ ಬರುವಷ್ಟರಲ್ಲಿ ಮುದುಕ ಎದ್ದುನಿಂತು ಟೋಪಿ ತೆಗೆದಿದ್ದ.